ಕೆಂಪು ಗೊಜ್ಜು

೧೪ ಜೂನ್ ೧೯೯೩, ಸೋಮವಾರ

ಇವರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದಾಯಿತು. ಘಾಟ್ಕೋಪರ್ ಸ್ಟೇಷನ್ನಿನ ಹತ್ತಿರ ನೀರು ನಿಂತು, ಟ್ಯಾಕ್ಸಿಯವನು ಇನ್ನು ಮುಂದೆ ಬರಲ್ಲ ಎಂದುಬಿಟ್ಟ. ಎದುರುಮನೆಯ ವಿನೋದಿನಿಯ ಗಂಡ ಮೋನಪ್ಪ ತನ್ನ ಹೋಟೆಲಿನಿಂದ ಇಬ್ಬರನ್ನು ಕರೆಸಿ, ಇವರನ್ನು ಕುರ್ಚಿಯಲ್ಲಿ ಕೂರಿಸಿ ಮಹಡಿ ಹತ್ತಿಸಿದ. ಮಾರ್ಚಿನಲ್ಲಿ ಬಾಂಬು ಸಿಡಿದ ದಿನ ಫೋರ್ಟಿನ ಆಫೀಸಿನಿಂದ ದಾದರಿನವರೆಗೆ ನಡೆದೇ ಬಂದಿದ್ದ ಮನುಷ್ಯ ಇವರು. ಈಗ ಕುರ್ಚಿಯ ತೋಳು ಬಿಗಿಯಾಗಿ ಹಿಡಿದುಕೊಂಡು, ಏನೋ ತಪ್ಪು ಮಾಡಿದವರ ಹಾಗೆ ಎಲ್ಲರಿಗೂ ಥ್ಯಾಂಕ್ಸ್ ಹೇಳುತ್ತಿದ್ದರು. ನೋಡಲಾರದೆ ನಾನು ಮೊದಲೇ ಮೇಲೆ ಹೋಗಿ ಬಾಗಿಲು ತೆಗೆದೆ.

ಕ್ಯಾನ್ಸರ್. ಗಂಡಸರಿಗೆ ಮೂತ್ರಕೋಶದ ಕೆಳಗೆ ಒಂದು ಗ್ರಂಥಿ ಇರುತ್ತದಂತೆ, ಅಲ್ಲಿ. ಒಂದು ಸಲ ಬರೆದಿದ್ದೇನೆ, ಸಾಕು. ಇನ್ನು ಅದರ ಹೆಸರು ಎತ್ತುವುದಿಲ್ಲ. ಗ್ರಂಥಿ ತೆಗೆದಿದ್ದಾರೆ. ಪೂರ್ತಿ ಹೋಯಿತೇ ಎಂದು ಕೇಳಿದರೆ, ನವೆಂಬರಿನಲ್ಲಿ ರಕ್ತ ಪರೀಕ್ಷೆ ಆಗಲಿ ಅನ್ನುತ್ತಾರೆ.

ಇದು ಇವರ ಆಫೀಸಿನ ಡೈರಿ, ಜನವರಿಯಿಂದ ಖಾಲಿ ಬಿದ್ದಿತ್ತು. ಹೇಳಿಕೊಳ್ಳೋಣವೆಂದರೆ ನನಗೇನು ಮಕ್ಕಳೇ, ಮರಿಗಳೇ? ಇವರಿಗೆ ನಾನು, ನನಗೆ ಇವರು. ಅಷ್ಟೇ ಸಂಸಾರ.

೨೨ ಜೂನ್

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಮರಾಠಿಯವರು. ತೂಕ ನೋಡಿ ಮುಖ ಗಂಟಿಕ್ಕಿದರು. ಊಟ ಸೇರದಿದ್ದರೆ ತಾವು ಮಾಡಿದ ಆಪರೇಷನ್ ನೀರುಪಾಲಾದ ಹಾಗೆ ಎಂದರು. ಆಮೇಲೆ ನನ್ನ ಕಡೆ ತಿರುಗಿ ಹಿಂದಿಯಲ್ಲಿ, "ಟಮಾಟರ್ ಖಿಲಾತೇ ಹೋ ನಾ?" ಎಂದು ಕೇಳಿದರು, ಟೊಮೇಟೊ ತಿನ್ನಿಸುತ್ತೀರಿ ತಾನೇ ಎಂದು.

ನಾನು ಇವರ ಮುಖ ನೋಡಿದೆ. ಇವರು ಫ್ಯಾನು ನೋಡಿದರು.

"ನಹೀ. ಹಮಾರೇ ಘರ್ ಮೇ ನಹೀ ಚಲ್ತಾ." ನಮ್ಮ ಮನೆಯಲ್ಲಿ ಅದು ನಡೆಯುವುದಿಲ್ಲ ಎಂದೆ.

"ಟಮಾಟರ್ ನಹೀ ಚಲ್ತಾ? ಬಂಬಯಿ ಮೇ ರೆಹ್ ಕೇ?" ಮುಂಬಯಿಯಲ್ಲಿದ್ದುಕೊಂಡೂ ಹೀಗೆಯೇ ಎಂದು ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು.

ಅವರು ಬಿಡಿಸಿ ಹೇಳಿದ್ದು ಇಷ್ಟು. ಮಳೆಗಾಲದಲ್ಲಿ ಕಿಟಕಿಯ ಸರಳಿಗೆ ತುಕ್ಕು ಹಿಡಿಯುವ ಹಾಗೆ ದೇಹದ ಒಳಗೂ ದಿನಾ ಒಂದು ಥರದ ತುಕ್ಕು ಹಿಡಿಯುತ್ತಿರುತ್ತದಂತೆ. ಅದನ್ನು ತಡೆಯುವ ಪದಾರ್ಥಗಳು ಕೆಲವು ಹಣ್ಣು ತರಕಾರಿಗಳಲ್ಲಿವೆ. ಟೊಮೇಟೊದಲ್ಲಿರುವುದಕ್ಕೆ ಲೈಕೋಪೀನ್ ಎಂದು ಹೆಸರು. ಹಸಿಯಾಗಿ ತಿನ್ನುವುದಕ್ಕಿಂತ ಸ್ವಲ್ಪ ಎಣ್ಣೆಯಲ್ಲಿ ಚೆನ್ನಾಗಿ ಬೇಯಿಸಿದರೆ ಮೈಗೆ ಹತ್ತುತ್ತದೆ. ಈ ಕಾಯಿಲೆಗೆ ಇದೇ ಮದ್ದು ಎಂದು ತಿಳಿಯಬೇಡಿ, ಹೊರದೇಶದಲ್ಲಿ ಇನ್ನೂ ಪರೀಕ್ಷೆ ನಡೆಸುತ್ತಿದ್ದಾರೆ, ಆದರೆ ಬಾಯಿಗೆ ರುಚಿ, ಮೈಗೆ ಒಳ್ಳೆಯದು ಎಂದರು. "ಸಬ್ ಕುಛ್ ಉಸ್ ಕೇ ಲಾಲ್ ರಂಗ್ ಮೇ ಹೈ, ಮಾಜೀ."

ಎಲ್ಲ ಆ ಕೆಂಪಿನಲ್ಲೇ ಇದೆ. ಕೆಂಪು ಎನ್ನುವುದು ನಮ್ಮತ್ತೆಯ ಕೊನೆಯ ಮಾತು.

ನಮ್ಮತ್ತೆ ಸುಬ್ಬಲಕ್ಷ್ಮಮ್ಮ ಮೈಸೂರಿನ ಅಗ್ರಹಾರದಿಂದ ಬಂದವರು. ಮುಂಬಯಿಗೆ ಬಂದು ಎಷ್ಟೋ ಕಾಲವಾದರೂ ಅಡುಗೆಮನೆಯ ಹೊಸ್ತಿಲೊಳಗೆ ಟೊಮೇಟೊ ಬರಲು ಬಿಟ್ಟವರಲ್ಲ. ಹೆಚ್ಚಿದರೆ ಮಾಂಸದ ಹಾಗೆ ಕಾಣುತ್ತದೆ, ಸೀಮೆಯಿಂದ ಬಂದದ್ದು, ದೇವರಿಗೂ ಆಗದು, ಪಿತೃಗಳಿಗೂ ಆಗದು. ಅದರ ಹೆಸರನ್ನೂ ನಮ್ಮೆದುರು ಹೇಳುತ್ತಿರಲಿಲ್ಲ. "ಅದನ್ನ ಒಳಗೆ ತರಬೇಡ ಕಣೇ" ಅನ್ನುತ್ತಿದ್ದರು. ನಾನು ಇದುವರೆಗೂ ಅದನ್ನು ಬಾಯಿಗೆ ಹಾಕಿದವಳಲ್ಲ. ಇವರು ಆಫೀಸಿನ ಕ್ಯಾಂಟೀನಿನಲ್ಲಿ ತಿಂದಿರಬಹುದು. ನಾನು ಕೇಳಿಲ್ಲ, ಇವರು ಹೇಳಿಲ್ಲ.

೨೪ ಜೂನ್

ಟೊಮೇಟೊ ತಂದೆ. ಕಳ್ಳಮಾಲು ತರುವವಳ ಹಾಗೆ ಸೆರಗಿನಡಿ ಚೀಲ ಇಟ್ಟುಕೊಂಡು ತಂದೆ. ಯಾರಿಗೆ ಹೆದರಿ? ಹೋದವರಿಗೆ. ಗ್ಯಾಸಿನ ಒಲೆಯ ಮೇಲೆ ಇಡಲು ಮನಸ್ಸು ಬರಲಿಲ್ಲ. ಹಳೆಯ ಸೀಮೆಎಣ್ಣೆ ಸ್ಟವ್ವನ್ನು ಬಾಲ್ಕನಿಗೆ ತಂದು, ಬೇರೆ ಬಾಣಲೆ, ಬೇರೆ ಸೌಟು ಇಟ್ಟುಕೊಂಡೆ. ಗೊಜ್ಜು ಮಾಡುವ ಕ್ರಮವನ್ನು ವಿನೋದಿನಿ ಬಾಗಿಲಲ್ಲಿ ನಿಂತು ಹೇಳಿಕೊಟ್ಟಳು. ಅವಳು ಉಡುಪಿ ಕಡೆಯವಳು, ಬೆಳ್ಳುಳ್ಳಿ ಹಾಕಿ ಎಂದಳು. ಅದೊಂದು ಬಿಟ್ಟೆ. ಎಣ್ಣೆ, ಸಾಸಿವೆ, ಇಂಗು, ಕರಿಬೇವು, ಬೆಲ್ಲ. ಎಣ್ಣೆ ಬಿಟ್ಟುಕೊಳ್ಳುವವರೆಗೆ ಬಾಡಿಸಿದೆ. ರುಚಿ ನೋಡಲಿಲ್ಲ. ನಾನು ಯಾವ ಅಡುಗೆಯನ್ನೂ ರುಚಿ ನೋಡಿ ಮಾಡಿದವಳಲ್ಲ, ಅತ್ತೆ ಕಲಿಸಿದ ಕೈಯಳತೆ.

ಇವರು ಅನ್ನಕ್ಕೆ ಕಲಸಿಕೊಂಡು ಒಂದು ತುತ್ತು ತಿಂದರು. ಇನ್ನೊಂದು ತಿಂದರು. ತಟ್ಟೆ ಖಾಲಿ ಮಾಡಿ ಬೆರಳು ನೆಕ್ಕಿದರು. ಇವರಿಗೆ ಬಡ್ತಿ ಬಂದಾಗಲೂ ನನಗೆ ಇಷ್ಟು ಖುಷಿಯಾಗಿರಲಿಲ್ಲ.

ಆಗಲೇ ಅಡುಗೆಮನೆಯೊಳಗಿಂದ ಕೆಮ್ಮು ಕೇಳಿಸಿತು. ಸಣ್ಣಗೆ, ಎರಡು ಸಲ. ಅತ್ತೆ ಏನಾದರೂ ಸರಿಬರದಿದ್ದರೆ ಹಾಗೇ ಕೆಮ್ಮುತ್ತಿದ್ದರು. ಒಳಗೆ ಯಾರೂ ಇರಲಿಲ್ಲ.

೨ ಜುಲೈ

ಬರೆದೇಬಿಡುತ್ತೇನೆ, ಬರೆದರಾದರೂ ಹೋಗುತ್ತದೇನೋ.

ಎರಡು ವರ್ಷದ ಹಿಂದೆ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಮಾತು ಎರಡೂ ಹೋದವು. ಉಳಿದದ್ದು ಒಂದೇ ಮಾತು. "ಕೆಂಪು." ಬೆಳಿಗ್ಗೆ ಕೆಂಪು, ಸಂಜೆ ಕೆಂಪು. ಒಮ್ಮೊಮ್ಮೆ ಕಷ್ಟಪಟ್ಟು, ಎಡಗೈ ಎತ್ತಿ ಬಾಗಿಲ ಕಡೆ ತೋರಿಸಿ, "ಕೆಂಪು ಕೊಡೇ." ನಮಗೆ ಹೊಳೆದದ್ದು ಕುಂಕುಮ. ಬಾಗಿಲ ಪಕ್ಕದಲ್ಲೇ ದೇವರ ಗೂಡು, ಅಲ್ಲೇ ಭರಣಿ. ಮೂವತ್ತರ ಪ್ರಾಯದಲ್ಲೇ ಕುಂಕುಮ ಅಳಿಸಿಕೊಂಡ ಹೆಂಗಸು, ಸಾಯುವ ಹೊತ್ತಿಗೆ ಅದನ್ನು ಕೇಳುತ್ತಿದ್ದಾಳೆ ಎಂದುಕೊಂಡೆವು. ಇವರು ಕಿವಿ ಮುಚ್ಚಿಕೊಂಡು, "ಅಮ್ಮನಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ, ನೀನು ಸುಮ್ನಿರು ಪಂಕಜಾ" ಎಂದು ಹೊರಗೆ ಹೋದರು.

ನನಗೆ ಕರುಳು ಚುರುಕ್ ಎಂದಿತು. ಕೇಳಿದ್ದನ್ನು ಕೊಡೋಣ, ಯಾವ ಶಾಸ್ತ್ರ ಬಂದು ನೋಡುತ್ತದೆ ಎಂದು, ಭರಣಿ ತಂದು ಅವರ ಹಣೆಗೆ ಇಟ್ಟೆ. ಅತ್ತೆ ಕಣ್ಣು ದೊಡ್ಡದು ಮಾಡಿ ನನ್ನನ್ನು ನೋಡಿದರು. ಎಡಗೈಯಲ್ಲಿ ಹಣೆಯನ್ನು ಗಸಗಸ ಒರೆಸಿಕೊಂಡರು. ಕುಂಕುಮ ಕಿವಿಯವರೆಗೆ ಹರಡಿತು. ಆ ರಾತ್ರಿಯೇ ಪ್ರಾಣ ಹೋಯಿತು.

ಆ ಮುಖವೇ ನನಗೆ ಈಗ ಕಾಣುವುದು. ಬಾಣಲೆಯಲ್ಲಿ ಕೆಂಪು ಕುದಿಯುವಾಗ ಕಾಣುತ್ತದೆ. ಅಂದು ಅನಾಚಾರ ಮಾಡಿದೆ, ಈಗ ಅವರ ಮನೆಯಲ್ಲೇ ಇನ್ನೊಂದು ಅನಾಚಾರ. ಆದರೂ ನಿಲ್ಲಿಸುವುದಿಲ್ಲ. ಅವರಿಗೆ ಮಗನಾದರೆ ನನಗೆ ಗಂಡ.

೧೯ ಜುಲೈ

ತೂಕ ಏರಿದೆ. ಗೊಜ್ಜು, ಸಾರು, ಚಟ್ನಿ. ಇವರೇ "ಇವತ್ತು ಏನು ಕೆಂಪು ಅಡುಗೆ?" ಎಂದು ತಮಾಷೆ ಮಾಡುತ್ತಾರೆ. ಆ ಪದ ಬಿಟ್ಟು ಬೇರೆ ಯಾವುದಾದರೂ ಹೇಳಿ ಮಾರಾಯರೇ ಎಂದೆ.

೬ ಆಗಸ್ಟ್

ಬೆಳಿಗ್ಗೆ ಇವರು ಕಾಫಿ ಮುಟ್ಟದೆ ಕೂತಿದ್ದರು. ಕೇಳಿದರೆ, "ಅಮ್ಮ ಕನಸಲ್ಲಿ ಬಂದಿದ್ಲು. ಹಣೆ ಎಲ್ಲಾ ಕೆಂಪಾಗಿತ್ತು. ಬಾಲ್ಕನಿ ಬಾಗಿಲಲ್ಲಿ ನಿಂತು, ಆ ಸ್ಟವ್ವನ್ನೇ ದುರುಗುಟ್ಟಿ ನೋಡ್ತಿದ್ಲು ಕಣೆ" ಎಂದರು.

ಕುಂಕುಮ ಇಟ್ಟದ್ದನ್ನು ನಾನು ಇವರಿಗೆ ಹೇಳಿಯೇ ಇಲ್ಲ. ಇವರು ಬರುವಷ್ಟರಲ್ಲಿ ಮುಖ ಒರೆಸಿಬಿಟ್ಟಿದ್ದೆ.

ಮಧ್ಯಾಹ್ನ ಗೊಜ್ಜು ಬಡಿಸಿದೆ. ತುತ್ತು ಎತ್ತಿದವರು ತಟ್ಟೆಗೇ ಹಾಕಿ ಕೈ ತೊಳೆದುಕೊಂಡರು. "ಅಮ್ಮ ಬೇಡ ಅಂತಾಳೆ."

೧೪ ಆಗಸ್ಟ್

ಏನೂ ತಿನ್ನುತ್ತಿಲ್ಲ. ಗೊಜ್ಜು ಬೇಡ ಎಂದರೆ ಬೇಡ, ಬೇರೆ ಏನಾದರೂ ತಿನ್ನಬೇಕಲ್ಲ? ಎರಡು ಚಮಚ ಮಜ್ಜಿಗೆ ಅನ್ನ. ಜೀವವೇ ಇಲ್ಲದವರ ಹಾಗೆ ಗೋಡೆ ನೋಡುತ್ತಾ ಕೂರುತ್ತಾರೆ. ಗೋಡೆಯ ಮೇಲೆ ಅತ್ತೆಯ ಫೋಟೊ.

೩೦ ಆಗಸ್ಟ್

ಕೆಮ್ಮು.

೨೧ ಸೆಪ್ಟೆಂಬರ್

ಗಣೇಶನ ಹಬ್ಬಕ್ಕೆ ಕಡುಬು ಕೊಡಲು ವಿನೋದಿನಿಯ ಬಾಗಿಲಿಗೆ ಹೋದೆ. ಒಳಗೆ ಟೊಮೇಟೊ ಬಾಡುವ ವಾಸನೆ. ಅಲ್ಲೇ ನಿಂತುಬಿಟ್ಟೆ. ಎಷ್ಟು ಹೊತ್ತು ನಿಂತಿದ್ದೆನೋ, ವಿನೋದಿನಿ ನಕ್ಕಳು.

"ಎಂತ ಅಕ್ಕ, ನೀವೂ ನಿಮ್ಮ ಅತ್ತೆ ಹಾಗೇ ಆದ್ರಾ?"

ಅರ್ಥವಾಗಲಿಲ್ಲ ಎಂದೆ.

"ನೀವು ಮಧ್ಯಾಹ್ನ ಮಲಗಿದ ಮೇಲೆ ಅವರು ಇಲ್ಲೇ ಬಾಗಿಲ ಹತ್ರ ಬಂದು ಕೂತ್ಕೊಳ್ತಿದ್ರು. ಒಳಗೆ ಬರ್ಲಿಕ್ಕಿಲ್ಲ, ನಮ್ಮಲ್ಲಿ ನೀರು ಕುಡಿಲಿಕ್ಕಿಲ್ಲ. ಸುಮ್ಮನೆ ಕೂತು, 'ಆಯ್ತೇನೇ ನಿನ್ನ ಕೆಂಪು ಗೊಜ್ಜು?' ಅಂತ ಕೇಳ್ತಿದ್ರು. ನಾನು, ವಾಸನೆ ಆಗ್ತದಾ ಅಮ್ಮ, ಬಾಗಿಲು ಹಾಕ್ತೇನೆ ಅಂದ್ರೆ, ಬೇಡ ಬೇಡ ಅಂತ ಹೇಳುವುದು. ಒಂದು ದಿನ ಕೇಳಿದ್ರು, 'ಅದರ ರುಚಿ ಹ್ಯಾಗಿರತ್ತೆ? ಹುಣಿಸೆ ಹುಳಿ ಹಾಗೋ, ಮಾವಿನ ಹುಳಿ ಹಾಗೋ?' ನಂಗೆ ಹೇಳ್ಲಿಕ್ಕೇ ಗೊತ್ತಾಗಲಿಲ್ಲ ಮಾರಾಯ್ರೆ."

ಮುದುಕಿಯರಿಗೆ ಹೊತ್ತು ಹೋಗಬೇಕಲ್ಲ ಎಂದುಕೊಂಡು ಬಂದೆ. ಬಂದವಳು ಬಾಲ್ಕನಿಯ ಬಾಣಲೆಯನ್ನು ಬೂದಿ ಹಾಕಿ ತಿಕ್ಕಿದೆ, ಮತ್ತೆ ತಿಕ್ಕಿದೆ. ಇನ್ನು ಉಪಯೋಗಿಸುವುದಿಲ್ಲ. ಯಾರಿಗಾಗಿ ಮಾಡಲಿ?

೧೨ ಅಕ್ಟೋಬರ್

ಇವತ್ತು ಜಗಳ. ಇವರು ಮಜ್ಜಿಗೆ ಪಾತ್ರೆಗೆ ಎಂಜಲು ಕೈ ಹಾಕಿದರು. "ಮುಸುರೆ ಗಿಸುರೆ ಒಂದೂ ಇಲ್ವೇನು ಈ ಮನೇಲಿ!" ಎಂದು ಕಿರುಚಿಬಿಟ್ಟೆ. ಪಾಪ, ಕೈಯಲ್ಲಿ ಶಕ್ತಿ ಇಲ್ಲದೆ ಲೋಟ ಪಾತ್ರೆಯೊಳಗೆ ಜಾರಿತ್ತು, ಅದನ್ನು ಎತ್ತಲು ಹೋಗಿದ್ದರು. ಇವರು ಕೈ ಒರೆಸಿಕೊಂಡರು.

"ಅಮ್ಮನ ಥರಾನೇ ಆಡ್ತಿದ್ದೀಯ. ಕೆಮ್ಮೋದೂ ಹಾಗೇ ಆಗಿದೆ."

"ನಾನೆಲ್ಲಿ ಕೆಮ್ಮಿದೆ?"

"ದಿನಾ ಕೆಮ್ತೀಯಲ್ಲೇ, ಅಡುಗೆಮನೇಲಿ. ಎರಡು ಸಲ."

ಸುಳ್ಳು. ಇವರಿಗೆ ನಿಶ್ಶಕ್ತಿಯಿಂದ ಏನೇನೋ ಕೇಳಿಸುತ್ತದೆ.

ಅಂಗಿ ತೊಡಿಸುವಾಗ ಕಾಲರ್ ಮೂಳೆ ಕೈಗೆ ತಾಕಿತು. ಒಳಗೆ ಹೋಗಿ ಫೋಟೊ ಎದುರು ನಿಂತು ಕೇಳಿದೆ. "ನಿಮ್ಮ ಮಗನ್ನ ನೀವೇ ಕರ್ಕೊಂಡು ಹೋಗ್ಬೇಕು ಅಂತಿದ್ದೀರಾ ಅತ್ತೆ? ನಿಮ್ಮ ಮಡಿಗಿಂತ ಅವರ ಜೀವ ಹೆಚ್ಚಲ್ವಾ? ಏನು ಬೇಕು ಹೇಳಿ, ಬಾಯಿ ಬಿಟ್ಟು ಹೇಳಿ!" ಮಾತು ಹೋಗಿದ್ದವರಿಗೆ ಬಾಯಿ ಬಿಡಿ ಎಂದೆನಲ್ಲ. ಆಮೇಲೆ ಅಲ್ಲೇ ಕೂತು ಅತ್ತುಬಿಟ್ಟೆ.

೪ ನವೆಂಬರ್, ಗುರುವಾರ. ಆಶ್ವಯುಜ ಬಹುಳ ಪಂಚಮಿ

ಪಾತ್ರೆಗಳು ಇನ್ನೂ ತೊಳೆಯದೆ ಬಿದ್ದಿವೆ. ಆದರೂ ಇವತ್ತಿನದನ್ನು ಇವತ್ತೇ ಬರೆಯಬೇಕು.

ಅತ್ತೆಯ ವರ್ಷದ ತಿಥಿ. ಮಾಟುಂಗದಿಂದ ನಂಜುಂಡ ಶಾಸ್ತ್ರಿಗಳು ಮೊದಲ ಲೋಕಲ್ ರೈಲಿಗೇ ಬಂದರು. ನಾನು ಒದ್ದೆ ಸೀರೆ ಉಟ್ಟು ಅಡುಗೆ ಮಾಡಿದೆ. ವಡೆ, ಪಾಯಸ, ಬಾಳೆಕಾಯಿ ಪಲ್ಯ, ಎಲ್ಲ ಕ್ರಮವಾಗಿ. ಇವರನ್ನು ಗೋಡೆಗೆ ಒರಗಿಸಿ ಕೂರಿಸಿ ಕಾರ್ಯ ಮುಗಿಸಿದ್ದಾಯಿತು. ಪಿಂಡ, ವಡೆ ಎಲೆಗೆ ಹಾಕಿಕೊಂಡು ಟೆರೇಸಿಗೆ ಹೋದೆವು. ಮೆಟ್ಟಿಲು ಹತ್ತಲು ಇವರು ನನ್ನ ಹೆಗಲು ಹಿಡಿದುಕೊಂಡರು. ಹಕ್ಕಿ ಕೂತಷ್ಟು ಭಾರ.

ನೀರು ಬಿಟ್ಟು ಕಾ ಕಾ ಎಂದು ಕರೆದರು. ನೀರಿನ ಟಾಂಕಿಯ ಮೇಲೆ ಒಂದು ಕಾಗೆ ಕೂತಿತ್ತು. ನಮ್ಮ ಘಾಟ್ಕೋಪರಿನ ಕಾಗೆಗಳು ಕೈಯಲ್ಲಿದ್ದದ್ದನ್ನೇ ಕಿತ್ತುಕೊಂಡು ಹೋಗುವಂಥವು. ಇದು ಬರಲಿಲ್ಲ. ಕತ್ತು ಒಂದು ಕಡೆ ವಾಲಿಸಿ ಎಲೆ ನೋಡಿತು, ಮುಖ ತಿರುಗಿಸಿತು.

"ಹೋದವರಿಗೆ ಏನೋ ಆಸೆ ಉಳಿದಿದೆ. ಏನಾದರೂ ಮಾತು ಕೊಡಿ ಸತ್ಯಮೂರ್ತಿಗಳೇ," ಎಂದರು ಶಾಸ್ತ್ರಿಗಳು.

ಇವರು ಕೈ ಮುಗಿದರು. "ಅಮ್ಮಾ, ಗೋಕರ್ಣದಲ್ಲಿ ಕಾರ್ಯ ಮಾಡಿಸ್ತೀನಿ." ಕಾಗೆ ಅಲ್ಲಾಡಲಿಲ್ಲ. ಇವರು ಎಲೆಯನ್ನು ಮುಂದಕ್ಕೆ ಸರಿಸಿದರು. "ಅಮ್ಮಾ, ಅದನ್ನ ಇನ್ನು ಜನ್ಮದಲ್ಲಿ ಮುಟ್ಟಲ್ಲ. ಆಣೆಗೂ ಮುಟ್ಟಲ್ಲ. ಬಾಮ್ಮಾ."

ಕಾಗೆ ಎದ್ದು, ಆಚೆ ಬಿಲ್ಡಿಂಗಿನ ಆಂಟೆನಾದ ಮೇಲೆ ಹೋಗಿ ಕೂತಿತು.

ಇವರು ಹೊಸದಾಗಿ ಆಣೆ ಬೇರೆ ಇಟ್ಟರು, ಇನ್ನು ಇವರ ಬಾಯಿಗೆ ಏನೂ ಹೋಗುವುದಿಲ್ಲ, ಇಷ್ಟೇ, ಮುಗಿಯಿತು ಎಂದು ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣಿಗೆ ಮತ್ತೆ ಅದೇ ಹಣೆ, ಅದೇ ಕುಂಕುಮ ಒರೆಸುವ ಎಡಗೈ. ಒರೆಸಿ ಅತ್ತೆ ಆ ಕೈಯನ್ನು ಎತ್ತಿ ತೋರಿಸಿದ್ದರು. ಬಾಗಿಲ ಕಡೆಗೆ. ದೇವರ ಗೂಡಿನ ಕಡೆಗಲ್ಲ. ಬಾಗಿಲಿನ ಆಚೆಗೆ, ಎದುರುಮನೆಗೆ!

ಆಯ್ತೇನೇ ನಿನ್ನ ಕೆಂಪು ಗೊಜ್ಜು?

ಅಯ್ಯೋ ನನ್ನ ಬುದ್ಧಿಗಿಷ್ಟು! ಅವರು ಕುಂಕುಮ ಕೇಳಿದ್ದೇ ಅಲ್ಲ. ಅದರ ಹೆಸರು ನಾಲಗೆಗೆ ತರದೆ ಬದುಕಿದವರು, ಕೊನೆಗೂ ಹೆಸರು ಹೇಳದೆ ಕೇಳಿದರು. ನಾವು ಕಿವಿ ಮುಚ್ಚಿಕೊಂಡೆವು.

ಮಡಿ ಸೀರೆಯಲ್ಲೇ ಮೆಟ್ಟಿಲಿಳಿದು ಓಡಿದೆ. ವಿನೋದಿನಿಯ ಬಾಗಿಲು ಬಡಿದೆ.

"ನಿನ್ನ ಕೆಂಪು ಗೊಜ್ಜು ಇದ್ಯೇನೇ?"

"ಉಂಟು ಅಕ್ಕ, ಆದ್ರೆ ಬೆಳ್ಳುಳ್ಳಿ ಹಾಕಿದ್ದೇನೆ. ನಿಮ್ಮಲ್ಲಿ ಇವತ್ತು ತಿಥಿ ಅಲ್ವಾ..."

"ಕೊಡೇ, ಮಾರಾಯ್ತಿ!"

ಬಟ್ಟಲು ಹಿಡಿದು ಮೇಲೆ ಬಂದಾಗ ಶಾಸ್ತ್ರಿಗಳು ಹಾವು ತುಳಿದವರ ಹಾಗೆ ಹಿಂದೆ ಸರಿದರು. "ಪಂಕಜಮ್ಮ, ಇದೇನಮ್ಮ ಇದು! ಪಿತೃಕಾರ್ಯಕ್ಕೆ ನಿಷಿದ್ಧ!"

"ಕೇಳಿದ್ದು ಅವರು, ಕೊಡೋಳು ನಾನು. ಪಾಪ ಬಂದ್ರೆ ನಂಗೇ ಬರ್ಲಿ ಬಿಡಿ."

ಎಲೆಯ ಅಂಚಿಗೆ ಗೊಜ್ಜು ಬಡಿಸಿದೆ. ನಾವು ಮಾಡಿದ ಯಾವುದರ ವಾಸನೆಯೂ ಇರಲಿಲ್ಲ, ಅದೊಂದೇ ಟೆರೇಸಿನ ತುಂಬ. "ಅತ್ತೆ, ತಪ್ಪು ತಿಳ್ಕೊಂಡ್ವಿ. ಬನ್ನಿ" ಎಂದೆ.

ಕಾಗೆ ಬಂತು. ವಡೆಯ ಪಕ್ಕದಲ್ಲೇ ಕಾಲಿಟ್ಟು, ವಡೆ ಬಿಟ್ಟು, ಗೊಜ್ಜಿಗೆ ಕೊಕ್ಕು ಹಾಕಿತು. ಒಂದು ಸಲ ಹಾಕಿ ತಲೆ ಎತ್ತಿ ನಮ್ಮನ್ನು ನೋಡಿತು. ಮತ್ತೆ ಹಾಕಿತು. ಅದನ್ನು ಪೂರ್ತಿ ಮುಗಿಸಿದ ಮೇಲೆ ಪಿಂಡ ಮುಟ್ಟಿತು. ಆಮೇಲೆ ಕೊಕ್ಕನ್ನು ಪ್ಯಾರಾಪೆಟ್ಟಿಗೆ ಎರಡು ಸಲ ಒರೆಸಿ ಹಾರಿಹೋಯಿತು. ಗೋಡೆಯ ಮೇಲೆ ಕೆಂಪು ಗುರುತು ಉಳಿಯಿತು.

ಕಾಗೆಗೆ ಹಸಿವಾಗಿತ್ತು ಎನ್ನುವವರು ಎನ್ನಲಿ.

ಅಲ್ಲಿಯೇ ಟಾಂಕಿಯ ನೆರಳಿನಲ್ಲಿ ಇವರಿಗೆ ಎಲ್ಲವನ್ನೂ ಹೇಳಿದೆ. ಕುಂಕುಮ ಇಟ್ಟದ್ದು, ಅವರು ಒರೆಸಿದ್ದು, ವಿನೋದಿನಿಯ ಬಾಗಿಲು. ಇವರು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. "ನಾನು ಕ್ಯಾಂಟೀನಲ್ಲಿ ದಿನಾ ತಿಂದು, ಬಾಯಿ ತೊಳ್ಕೊಂಡು ಬರ್ತಿದ್ದೆ ಪಂಕಜಾ. ಅಮ್ಮನಿಗೆ ವಾಸನೆ ಬರಬಾರದು ಅಂತ ಏಲಕ್ಕಿ ಅಗೀತಿದ್ದೆ." ನನಗೂ ಅಳು ಬಂತು, ನಗುವೂ ಬಂತು.

ಊಟದ ಎಲೆಯ ಮುಂದೆ ಕೂತು, ಬಟ್ಟಲಲ್ಲಿ ಉಳಿದದ್ದನ್ನು ಕಣ್ಣಿನಲ್ಲೇ ತೋರಿಸಿದರು. "ಅದನ್ನ ಬಡಿಸು." ಆಮೇಲೆ ತಿದ್ದಿಕೊಂಡು, "ಕೆಂಪು ಗೊಜ್ಜು ಬಡಿಸು" ಎಂದರು.

೨೯ ನವೆಂಬರ್

ರಕ್ತ ಪರೀಕ್ಷೆಯಲ್ಲಿ ಸದ್ಯಕ್ಕೆ ಅದರ ಸುಳಿವಿಲ್ಲ. ಮತ್ತೆ ಮೂರು ತಿಂಗಳಿಗೆ ಬರಬೇಕು, ಆಮೇಲೆ ಮತ್ತೆ. ಟೊಮೇಟೊದಿಂದಲೇ ಆಯಿತೇ ಎಂದು ಡಾಕ್ಟರನ್ನು ಕೇಳಿದೆ. ಅಷ್ಟು ಸುಲಭವಾಗಿದ್ದರೆ ನಾವೆಲ್ಲ ತರಕಾರಿ ಅಂಗಡಿ ಇಡುತ್ತಿದ್ದೆವು ಎಂದು ನಕ್ಕರು. ಊಟ ಮಾಡುತ್ತಿದ್ದಾರಲ್ಲ ಮಾಜೀ, ಅದು ದೊಡ್ಡದು ಎಂದರು.

ಬರುತ್ತಾ ಇವರು ಸ್ಟೇಷನ್ನಿನಿಂದ ನಡೆದೇ ಬಂದರು.

ಸೀಮೆಎಣ್ಣೆ ಸ್ಟವ್ವನ್ನು ಅಟ್ಟಕ್ಕೆ ಹಾಕಿದೆ. ಇವತ್ತು ಮೊದಲ ಸಲ ಅಡುಗೆಮನೆಯೊಳಗೆ, ಗ್ಯಾಸಿನ ಒಲೆಯ ಮೇಲೆ ಬಾಡಿಸಿದೆ. ಎಣ್ಣೆ ಬಿಟ್ಟುಕೊಳ್ಳುವ ಹೊತ್ತಿಗೆ ಕೆಮ್ಮು ಬಂತು. ಎರಡು ಸಲ. ಈ ಸಲ ನನ್ನ ಗಂಟಲು ಅಲುಗಿದ್ದು ನನಗೆ ಗೊತ್ತಾಯಿತು. ಹೆದರಿಕೆ ಆಗಲಿಲ್ಲ.

ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡೆ. ಇಷ್ಟು ತಿಂಗಳು ಮಾಡಿ ಬಡಿಸಿದೆನಲ್ಲ, ಒಮ್ಮೆಯೂ ನೋಡಿರಲಿಲ್ಲ. ಬಾಯಿಗೆ ಹಾಕಿಕೊಂಡು ನಿಧಾನವಾಗಿ ಚಪ್ಪರಿಸಿದೆ. ಬಾಗಿಲ ಕಡೆ ತಿರುಗಿ ಹೇಳಿದೆ.

"ಹುಣಿಸೆ ಹಾಗಲ್ಲ ಅತ್ತೆ, ಮಾವಿನ ಹಾಗೂ ಅಲ್ಲ. ಹುಳಿ ಹಿಂದೇನೇ ಸ್ವಲ್ಪ ಸಿಹಿ ಇದೆ. ನೀವು ತಿನ್ನಬಹುದಿತ್ತು."